ಏಣಿಗೆ ಎಕರೆಯ ಲೆಕ್ಕ ತಿಳಿಯದು

ಕುಟ್ಟ ಎಂದರೆ ಕೊಡಗಿನ ದಕ್ಷಿಣದ ತುದಿ. ಒಂದು ಮಗ್ಗುಲಲ್ಲಿ ನಾಗರಹೊಳೆಯ ಕಾಡು, ಇನ್ನೊಂದು ಮಗ್ಗುಲಲ್ಲಿ ಬ್ರಹ್ಮಗಿರಿ ಬೆಟ್ಟ, ಗಡಿ ದಾಟಿದರೆ ವಯನಾಡಿನ ತೋಲ್ಪೆಟ್ಟಿ. ನಡುವಿನ ನೆಲದಲ್ಲಿ ಹೆಚ್ಚಿನದೆಲ್ಲ ಕಾಫಿ ತೋಟ. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಗಿ ಅದು ಮುಗಿಯುತ್ತ ಬರುವಾಗ ಕರಿಮೆಣಸು ಕೊಯ್ಲಿಗೆ ಬರುತ್ತದೆ. ಏಪ್ರಿಲ್‌ವರೆಗೂ ನಮ್ಮ ಬಜಾರಿನಲ್ಲಿ ಬೆಳಗಿನ ಜಾವದಿಂದಲೇ ಜೀಪುಗಳ ಓಡಾಟ. ಒಳಗೆ ಒತ್ತಿ ಕುಳಿತ ಆಳುಗಳು, ಮೇಲೆ ಕಟ್ಟಿದ ಏಣಿಗಳು.

ಇದೇ ತಿಂಗಳುಗಳಲ್ಲಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ನಾಲ್ಕೈದು ಸಾಲಿನ ಒಂದು ಸುದ್ದಿ ಮತ್ತೆ ಮತ್ತೆ ಬರುತ್ತದೆ. ಹೆಸರು, ವಯಸ್ಸು, ಊರು ಬದಲಾಗಿರುತ್ತವೆ, ಉಳಿದದ್ದೆಲ್ಲ ಒಂದೇ. ಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ ಸಾಗಿಸುವಾಗ ಅದು ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕನ ಸಾವು. ಇಲ್ಲವೆ ಮರದ ಮೇಲಿಂದ ಬಿದ್ದು ಸಾವು. ಸುದ್ದಿಯ ಕೊನೆಗೆ ಅದೊಂದು ಆಕಸ್ಮಿಕ ಎಂಬ ಷರಾ. ಪ್ರತಿ ವರ್ಷ, ಅದೇ ಋತುವಿನಲ್ಲಿ, ಅದೇ ಕಾರಣಕ್ಕೆ ನಡೆಯುವುದನ್ನು ಆಕಸ್ಮಿಕ ಎಂದು ಎಷ್ಟು ವರ್ಷ ಕರೆಯಬಹುದು?

ಹುಣಸೂರಿನ ಉರ್ದು ಶಾಲೆಯಲ್ಲಿ ಅಲಿಫ್, ಬೇ ಕಲಿತು, ಅಬ್ಬಾ ವ್ಯಾಪಾರಕ್ಕೆಂದು ಕುಟ್ಟಕ್ಕೆ ಬಂದು ನೆಲೆಸಿದ ಮೇಲೆ ಕನ್ನಡ ಶಾಲೆ ಸೇರಿದವರು ನಾವು. ಇಂಥ ಸಾವುಗಳಿಗೆ ಎರಡು ಭಾಷೆಯಲ್ಲೂ ಪದ ಸಿದ್ಧವಾಗಿರುತ್ತದೆ. ಮನೆಯೊಳಗೆ ತಖ್ದೀರ್, ಹೊರಗೆ ಹಣೆಬರಹ. ಮಯ್ಯತ್ತಿನ ಮನೆಯ ಅಂಗಳದಲ್ಲಿ ಕುಳಿತು ಈ ಮಾತು ಆಡಿದರೆ ತಪ್ಪಿಲ್ಲ, ಅದು ಸಾಂತ್ವನ. ಆದರೆ ತಂತಿ ಎಷ್ಟು ಎತ್ತರದಲ್ಲಿತ್ತು, ಏಣಿ ಯಾತರದ್ದು, ಸೊಂಟಕ್ಕೆ ಹಗ್ಗ ಇತ್ತೇ ಎಂಬ ಪ್ರಶ್ನೆಗಳಿಗೂ ಅದೇ ಉತ್ತರ ಕೊಟ್ಟರೆ ಅದು ಸಾಂತ್ವನವಾಗಿ ಉಳಿಯುವುದಿಲ್ಲ, ಜವಾಬ್ದಾರಿಯಿಂದ ನುಣುಚಿಕೊಳ್ಳುವ ದಾರಿಯಾಗುತ್ತದೆ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ದೇವರನ್ನು ನೆಚ್ಚಬೇಕು ಎಂಬ ಬುದ್ಧಿಮಾತನ್ನು ನಮ್ಮಲ್ಲಿ ಕೇಳದವರಿಲ್ಲ. ನಮ್ಮೂರಿನಲ್ಲಿ ಒಂಟೆ ಇಲ್ಲ, ಏಣಿ ಇದೆ. ಅದನ್ನು ಕಟ್ಟುವವರು ಯಾರು ಎಂಬುದೇ ಈ ಬರಹದ ಪ್ರಶ್ನೆ.

ಪ್ರಶ್ನೆ ಹಳೆಯದು. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದದ್ದು 1854ರಲ್ಲಿ. ಅದಾದ ಐದೇ ವರ್ಷಕ್ಕೆ, 1859ರಲ್ಲಿ, ಬ್ರಿಟಿಷ್ ಸರಕಾರ ಒಂದು ಕಾಯ್ದೆ ತಂದಿತು. ಮುಂಗಡ ಪಡೆದ ಕೆಲಸಗಾರ ಮಾತು ತಪ್ಪಿ ಓಡಿಹೋದರೆ ಅವನನ್ನು ಹಿಡಿದು ತಂದು ಜೈಲಿಗೆ ಹಾಕಬಹುದು ಎನ್ನುವ ಕಾಯ್ದೆ ಅದು. ದಕ್ಷಿಣದ ತೋಟಗಳಲ್ಲಿ ಅದು ಚೆನ್ನಾಗಿಯೇ ಬಳಕೆಯಾಯಿತು. ಅದು ರದ್ದಾಗಲು 1925ರವರೆಗೆ ಕಾಯಬೇಕಾಯಿತು. ತೋಟದ ಆಳು ಓಡಿಹೋಗದಂತೆ ನೋಡಿಕೊಳ್ಳುವ ಕಾನೂನು ಮೊದಲು ಬಂತು. ಅವನಿಗೆ ಮನೆ, ನೀರು, ಆಸ್ಪತ್ರೆ ಕೊಡಬೇಕೆನ್ನುವ ತೋಟ ಕಾರ್ಮಿಕರ ಕಾಯ್ದೆ ಬಂದದ್ದು ಸ್ವಾತಂತ್ರ್ಯದ ನಂತರ, 1951ರಲ್ಲಿ.

ಆ 1951ರ ಕಾಯ್ದೆ ಒಳ್ಳೆಯ ಕಾಯ್ದೆ. ಕುಡಿಯುವ ನೀರು, ಶೌಚಾಲಯ, ವೈದ್ಯಕೀಯ ಸೌಲಭ್ಯ, ಕೂಸುಗಳಿಗೆ ಶಿಶುವಿಹಾರ, ಮಕ್ಕಳಿಗೆ ಶಾಲೆ, ವಾಸಕ್ಕೆ ಮನೆ, ಇವೆಲ್ಲ ಮಾಲೀಕನ ಹೊಣೆ ಎಂದು ಅದು ಹೇಳಿತು. ನಮ್ಮ ಕಡೆ ‘ಲೈನ್ ಮನೆ’ ಎಂದು ಕರೆಯುವ ಸಾಲುಮನೆಗಳ ಹಿಂದೆ ಇರುವುದು ಇದೇ ಕಾಯ್ದೆ. 1981ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಾಲೀಕ ಕೊಟ್ಟ ಮನೆ ಕುಸಿದು ಕಾರ್ಮಿಕನೋ ಅವನ ಮನೆಯವರೋ ಸತ್ತರೆ, ಗಾಯಗೊಂಡರೆ ಮಾಲೀಕನೇ ಪರಿಹಾರ ಕೊಡಬೇಕೆಂದಿತು. 2010ರ ತಿದ್ದುಪಡಿ ಸುರಕ್ಷತೆಗೆಂದೇ ಒಂದು ಅಧ್ಯಾಯ ಸೇರಿಸಿತು. ಕೀಟನಾಶಕ ಮುಟ್ಟುವವರಿಗೆ ರಕ್ಷಣಾ ಉಡುಪು, ಕೈಕಾಲು ತೊಳೆದು ಸ್ನಾನ ಮಾಡಲು ಜಾಗ, ಕಾಲಕಾಲಕ್ಕೆ ವೈದ್ಯರ ತಪಾಸಣೆ, ಪ್ರತಿಯೊಬ್ಬರ ಆರೋಗ್ಯದ ದಾಖಲೆ, ವಿಷದ ಅಪಾಯ ತಿಳಿಸುವ ಫಲಕ. ಕಾಗದದ ಮೇಲೆ ಇದಕ್ಕಿಂತ ಹೆಚ್ಚು ಕೇಳುವುದು ಕಷ್ಟ. ಆದರೆ ಕಾಯ್ದೆ ಮುರಿದವನಿಗೆ ಬಹುಕಾಲ ಇದ್ದ ದಂಡ ಹೆಚ್ಚೆಂದರೆ ಐನೂರು ರೂಪಾಯಿ, ಇಲ್ಲವೆ ಮೂರು ತಿಂಗಳ ಸಜೆ. ಈಚಿನ ದರದಲ್ಲಿ ಆ ಐನೂರಕ್ಕೆ ಒಂದು ಕಿಲೋ ಒಳ್ಳೆಮೆಣಸೂ ಬರುವುದಿಲ್ಲ.

ಇನ್ನೊಂದು ತೊಡಕು ಕಾಯ್ದೆಯ ಬಾಗಿಲಲ್ಲೇ ಇದೆ. 1951ರಲ್ಲಿ ಈ ಕಾಯ್ದೆ ಅನ್ವಯವಾಗಬೇಕಾದರೆ ತೋಟ 25 ಎಕರೆಗೆ ಕಡಿಮೆ ಇರಬಾರದಿತ್ತು, ಕೆಲಸಗಾರರು 30 ಮಂದಿ ಇರಬೇಕಿತ್ತು. 1981ರಲ್ಲಿ ಅದನ್ನು 5 ಹೆಕ್ಟೇರ್ ಮತ್ತು 15 ಮಂದಿಗೆ ಇಳಿಸಿದರು. ಐದು ಹೆಕ್ಟೇರ್ ಎಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡೂಕಾಲು ಎಕರೆ ಚಿಲ್ಲರೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಕೊಡಗಿನಲ್ಲಿ ದೊಡ್ಡ ಕಂಪನಿ ತೋಟಗಳು ಇಲ್ಲವೆಂದಲ್ಲ. ಆದರೆ ಬೆಳೆಗಾರರಲ್ಲಿ ಬಹುಪಾಲು ಮಂದಿ ಸಣ್ಣ ಹಿಡುವಳಿಯವರು. ಮೂರು ಎಕರೆ, ಐದು ಎಕರೆ, ಎಂಟು ಎಕರೆ. ಅಣ್ಣತಮ್ಮಂದಿರ ಪಾಲಾದರೆ ಇನ್ನೂ ಚಿಕ್ಕದು. ಇವೆಲ್ಲ ಕಾಯ್ದೆಯ ಬೇಲಿಯ ಹೊರಗೆ.

ಸಣ್ಣ ಬೆಳೆಗಾರ ಆಸ್ಪತ್ರೆ ಕಟ್ಟಿಸಲಾರ, ಶಾಲೆ ನಡೆಸಲಾರ. ಅವನ ಮೇಲೆ ಆ ಹೊರೆ ಹೇರಬಾರದು ಎಂಬುದು ನ್ಯಾಯವಾದ ಮಾತು. ಎಷ್ಟೋ ಕಡೆ ಆಳು ಸಿಗದೆ ಮೂರೆಕರೆಯ ಯಜಮಾನನೂ ಅವನ ಮಗನೂ ತಾವೇ ಏಣಿ ಹತ್ತುವುದನ್ನು ನಾವು ನೋಡಿದ್ದೇವೆ. ಆದರೆ ಆಸ್ಪತ್ರೆ ಕಟ್ಟುವ ಹೊಣೆಯನ್ನೂ ಆಳು ಬೀಳದಂತೆ ನೋಡಿಕೊಳ್ಳುವ ಹೊಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಸರಿಯೇ? ಮೊದಲನೆಯದಕ್ಕೆ ತೋಟದ ಅಳತೆ ಬೇಕು. ಎರಡನೆಯದಕ್ಕೆ ಬೇಡ. ಮೂರೆಕರೆಯ ಸಿಲ್ವರ್ ಓಕ್ ಮರವೂ ಮುನ್ನೂರೆಕರೆಯ ಸಿಲ್ವರ್ ಓಕ್ ಮರವೂ ಒಂದೇ ಎತ್ತರ. ಮೂವತ್ತು ಅಡಿಯಿಂದ ಬಿದ್ದವನ ಬೆನ್ನುಮೂಳೆಗೆ ತಾನು ಬಿದ್ದ ನೆಲ ಎಷ್ಟು ಹೆಕ್ಟೇರಿನದೆಂದು ತಿಳಿಯುವುದಿಲ್ಲ.

ನಮ್ಮ ಓಣಿಯ ಒಬ್ಬರ ವಿಷಯ ಹೇಳಬೇಕು. ಊರಿನಲ್ಲಿ ಕತೆ ಬರೆಯುವವರು ಎಂದರೆ ಅರ್ಜಿ ಬರೆಯುವವರು ಎಂದೇ ಜನರ ತಿಳಿವಳಿಕೆ. ಪಡಿತರ ಚೀಟಿಗೆ, ವಿಧವಾ ವೇತನಕ್ಕೆ, ಶಾಲೆಯ ದಾಖಲಾತಿಗೆ ನಮ್ಮ ಮನೆ ಬಾಗಿಲಿಗೆ ಬರುವವರಿದ್ದಾರೆ. 2016ರ ಮಾರ್ಚ್‌ನಲ್ಲಿ ಹಾಗೆ ಬಂದವರು ಮೆಣಸು ಕೊಯ್ಯುವವರೊಬ್ಬರ ಹೆಂಡತಿ. ಎಂಟು ಎಕರೆಯ ಒಂದು ತೋಟದಲ್ಲಿ ಏಣಿ ಜಾರಿ ಗಂಡ ಬಿದ್ದಿದ್ದರು. ಜೀಪಿನ ಹಿಂಬದಿಯಲ್ಲಿ ಮಲಗಿಸಿಕೊಂಡು ಮಾನಂತವಾಡಿಗೆ, ಅಲ್ಲಿಂದ ಕೋಝಿಕ್ಕೋಡಿಗೆ ಸಾಗಿಸಿದ್ದರು. ಜೀವ ಉಳಿಯಿತು. ಸೊಂಟದ ಕೆಳಗಿನ ಬಲ ಉಳಿಯಲಿಲ್ಲ.

ಪರಿಹಾರದ ಅರ್ಜಿ ಬರೆಯಲು ಕುಳಿತರೆ ಮೊದಲ ಕಾಲಮ್ಮಿನಲ್ಲೇ ನಿಂತುಹೋಯಿತು. ಮಾಲೀಕರ ಹೆಸರು ಏನು? ತೋಟದ ಯಜಮಾನರು, ಮೆಣಸನ್ನು ಬಳ್ಳಿಯ ಮೇಲೇ ವ್ಯಾಪಾರಿಗೆ ಮಾರಿಬಿಟ್ಟಿದ್ದೇವೆ, ಕೊಯ್ಲು ನಮ್ಮದಲ್ಲ ಎಂದರು. ವ್ಯಾಪಾರಿ, ಕಿಲೋಗೆ ಇಷ್ಟು ಎಂದು ಮೇಸ್ತ್ರಿಗೆ ಕೊಟ್ಟಿದ್ದೇನೆ, ಆಳು ಯಾರೆಂದು ನನಗೇನು ಗೊತ್ತು ಎಂದರು. ಮೇಸ್ತ್ರಿಯ ಬಳಿ ಇದ್ದದ್ದು ಒಂದು ಹಳೆಯ ಮೊಬೈಲು, ಬಾಡಿಗೆಗೆ ತಂದ ಏಣಿ. ಕೆಲಸಕ್ಕೆ ಸೇರಿದ ದಿನಾಂಕ? ಆ ದಿನವೇ. ತಿಂಗಳ ಸಂಬಳ? ಇಲ್ಲ, ಕಿಲೋ ಲೆಕ್ಕ. ಹಾಜರಿ ಪುಸ್ತಕ? ಇಲ್ಲ. ಕತೆಯಲ್ಲಾದರೆ ಇಲ್ಲದ ವಿವರವನ್ನು ನಾವು ಕಟ್ಟಿಕೊಡಬಹುದು. ಅರ್ಜಿಯಲ್ಲಿ ಆಗುವುದಿಲ್ಲ.

ಕೊನೆಗೆ ಊರಿನ ನಾಲ್ಕು ಜನ ಕೂತು ಮಾತಾಡಿ ಅರವತ್ತು ಸಾವಿರಕ್ಕೆ ರಾಜಿ ಮಾಡಿಸಿದರು. ಛಾಪಾ ಕಾಗದದ ಮೇಲೆ, ಮುಂದೆ ಯಾವ ತಕರಾರೂ ಇಲ್ಲವೆಂದು ಬರೆಸಿ ಹೆಬ್ಬೆಟ್ಟು ಒತ್ತಿಸಿದರು. ಕೂತವರು ಕೆಟ್ಟವರಲ್ಲ. ಕೋರ್ಟು, ವಕೀಲರು, ಮಡಿಕೇರಿ, ವಿರಾಜಪೇಟೆ ಎಂದು ಬಡವರು ಅಲೆಯುವುದು ತಪ್ಪಲಿ ಎಂಬ ಕಾಳಜಿಯೇ ಅವರದು. ಆದರೆ ಕಾನೂನು ಇದಕ್ಕೆ ಏನು ಹೇಳುತ್ತಿತ್ತು ಎಂಬುದನ್ನು ಓದುಗರು ತಿಳಿಯಬೇಕು, ಏಕೆಂದರೆ ಇಂಥ ಪಂಚಾಯಿತಿಗಳು ಎಲ್ಲ ಊರುಗಳಲ್ಲೂ ನಡೆಯುತ್ತವೆ.

ಕೆಲಸದಲ್ಲಿ ಗಾಯಗೊಂಡವರ ಪರಿಹಾರಕ್ಕೆ ಆಗ ಇದ್ದದ್ದು 1923ರ ಕಾಯ್ದೆ. ಅದರ ದೊಡ್ಡ ಗುಣವೆಂದರೆ ಮಾಲೀಕನ ತಪ್ಪನ್ನು ಸಾಬೀತು ಮಾಡುವ ಅಗತ್ಯ ಇರಲಿಲ್ಲ. ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ ಆದ ಅಪಘಾತ ಎಂದು ತೋರಿಸಿದರೆ ಸಾಕು. ಮೊದಲು ‘ತಾತ್ಕಾಲಿಕ’ ಕೆಲಸದವರನ್ನು ಅದು ಹೊರಗಿಟ್ಟಿತ್ತು. 2000ದ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದರು. ತನ್ನ ಕಸುಬಿನ ಕೆಲಸವನ್ನು ಗುತ್ತಿಗೆದಾರನಿಗೆ ಕೊಟ್ಟವನೂ ಪರಿಹಾರಕ್ಕೆ ಹೊಣೆ, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಅದರ 12ನೇ ಕಲಂ ಹೇಳುತ್ತಿತ್ತು. ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಕೊಡಬೇಕೆಂದು 2009ರ ತಿದ್ದುಪಡಿ ಸೇರಿಸಿತು. ಎಲ್ಲಕ್ಕಿಂತ ಮುಖ್ಯವಾದದ್ದು 17ನೇ ಕಲಂ. ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಕಾರ್ಮಿಕ ಬರೆದುಕೊಟ್ಟ ಯಾವ ಕರಾರೂ ಊರ್ಜಿತವಲ್ಲ. ಅಂದರೆ ನಮ್ಮ ಓಣಿಯ ಆ ಛಾಪಾ ಕಾಗದಕ್ಕೆ ಕಾನೂನಿನ ಬಲ ಇರಲಿಲ್ಲ. ಅರ್ಜಿ ಹಾಕಲು ಎರಡು ವರ್ಷದ ಅವಕಾಶವೂ ಇತ್ತು. ಆದರೆ ರಾಜಿಯಾದ ಮೇಲೆ ತಿರುಗಿಬೀಳುವುದು ಊರಿನ ಮರ್ಯಾದೆಗೆ ಹೊಂದುವುದಿಲ್ಲ. ಮುಂದಿನ ಹಂಗಾಮಿಗೆ ಅದೇ ತೋಟಗಳಿಗೆ ಕೆಲಸಕ್ಕೆ ಹೋಗಬೇಕಾದವರು ಅದೇ ಮನೆಯ ಹೆಂಗಸು. ಅವರು ಅರ್ಜಿ ಹಾಕಲಿಲ್ಲ.

ಪರಿಹಾರದ ಮೊತ್ತದ ಲೆಕ್ಕವನ್ನೂ ಹೇಳಿಬಿಡೋಣ. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿಯನ್ನು 2020ರಲ್ಲಿ 8,000ದಿಂದ 15,000 ರೂಪಾಯಿಗೆ ಏರಿಸಿದರು. ಸತ್ತರೆ ಅದರ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಮೂವತ್ತರ ವಯಸ್ಸಿಗೆ ಆ ಅಂಕಿ 207.98. ಹಾಗೆ ನೋಡಿದರೆ 15,000 ಕೂಲಿಯ ಮೂವತ್ತರ ಕಾರ್ಮಿಕ ಸತ್ತರೆ ಅವನ ಮನೆಗೆ ಬರಬೇಕಾದದ್ದು 15,59,850 ರೂಪಾಯಿ. ಎಂದೆಂದಿಗೂ ದುಡಿಯಲಾರದ ಹಾಗೆ ಅಂಗವಿಕಲನಾದರೆ ಅರ್ಧದ ಬದಲು ಶೇಕಡಾ 60. ಅರವತ್ತು ಸಾವಿರಕ್ಕೂ ಇದಕ್ಕೂ ಎಷ್ಟು ದೂರ ಎಂಬುದನ್ನು ನೀವೇ ನೋಡಿ.

ಇನ್ನು ಏಣಿಯ ಮಾತು. ಹಿಂದೆ ಇದ್ದದ್ದು ಒಂಟಿ ಬಿದಿರಿನ ಏಣಿ. ಗಂಟಿನ ಬಳಿ ಕವಲು ಉಳಿಸಿ ಅದರ ಮೇಲೆ ಹೆಬ್ಬೆರಳು ಊರಿ ಹತ್ತುತ್ತಿದ್ದರು. ಬಿದಿರು ಒಡೆಯುತ್ತದೆ, ಕೊಳೆಯುತ್ತದೆ, ಹೊರಲು ಭಾರ. ಅಲ್ಯೂಮಿನಿಯಂ ಬಂದಾಗ ಎಲ್ಲರಿಗೂ ಹಿತವಾಯಿತು. ಹಗುರ, ಉದ್ದ, ಬಹುಕಾಲ ಬಾಳಿಕೆ. ಆದರೆ ಅದು ವಿದ್ಯುತ್ತಿಗೆ ರಾಜಮಾರ್ಗ. ವಿದ್ಯುತ್ ಇಲಾಖೆಯ 1956ರ ನಿಯಮಗಳ ಪ್ರಕಾರ ರಸ್ತೆಯಲ್ಲದ ಕಡೆ 11 ಕಿಲೋವೋಲ್ಟ್‌ವರೆಗಿನ ಬರಿಯ ತಂತಿ ನೆಲದಿಂದ 4.6 ಮೀಟರ್ ಎತ್ತರದಲ್ಲಿದ್ದರೆ ಸಾಕಿತ್ತು. 2010ರ ನಿಯಮಗಳೂ ಅದನ್ನೇ ಉಳಿಸಿಕೊಂಡವು. 4.6 ಮೀಟರ್ ಎಂದರೆ ಹದಿನೈದು ಅಡಿ. ನಮ್ಮವರು ಒಂದು ಮರದಿಂದ ಇನ್ನೊಂದು ಮರಕ್ಕೆ ನೆಟ್ಟಗೆ ಎತ್ತಿ ಹಿಡಿದು ಸಾಗಿಸುವ ಏಣಿ ಇಪ್ಪತ್ತೈದು, ಮೂವತ್ತು ಅಡಿ. ತಂತಿ ಹಾಕಿದವರು ನಿಯಮ ಪಾಲಿಸಿದ್ದಾರೆ. ಏಣಿ ಮಾಡಿದವರೂ ಯಾವ ನಿಯಮ ಮುರಿದಿಲ್ಲ. ಇಬ್ಬರ ನಡುವೆ ನಿಂತವನು ಸಾಯುತ್ತಾನೆ. ಕಾಫಿ ಗಿಡದ ಮೇಲೆ ನೆರಳಿನ ಮರಗಳ ಎಲೆಯ ಚಪ್ಪರ ಇರುವಲ್ಲಿ ತಲೆ ಎತ್ತಿದರೂ ತಂತಿ ಕಾಣುವುದಿಲ್ಲ ಎಂಬುದು ತೋಟದಲ್ಲಿ ನಡೆದವರಿಗೆ ಗೊತ್ತು. ಇದಕ್ಕೆ ಮದ್ದು ಇಲ್ಲದೆ ಇಲ್ಲ. ವಿದ್ಯುತ್ ಹರಿಯದ ಫೈಬರ್ ಏಣಿ ಮಾರುಕಟ್ಟೆಯಲ್ಲಿದೆ. ತೋಟದೊಳಗಿನ ತಂತಿಗೆ ಹೊದಿಕೆಯ ಕೇಬಲ್ ಹಾಕಬಹುದು. ತಂತಿಯ ಕೆಳಗಿನ ಸಾಲಿನ ಮರಗಳನ್ನು ಕೊಯ್ಯುವ ದಿನ ಲೈನ್ ತೆಗೆಸಬಹುದು. ಏಣಿಯನ್ನು ಮಲಗಿಸಿ ಇಬ್ಬರು ಹೊತ್ತರೆ ಅದಕ್ಕೆ ದುಡ್ಡೂ ಬೇಕಿಲ್ಲ. ಆದರೆ ಕಿಲೋ ಲೆಕ್ಕದಲ್ಲಿ ಕೊಯ್ಯುವವನಿಗೆ ಪ್ರತಿ ಮರಕ್ಕೂ ಏಣಿ ಇಳಿಸಿ ಮಲಗಿಸಿ ಮತ್ತೆ ನಿಲ್ಲಿಸುವ ಹೊತ್ತು ಕೂಲಿಯಿಂದ ಹೋಗುತ್ತದೆ. ಆ ಹೊತ್ತಿಗೆ ಕೂಲಿ ಕೊಡುವವರೆಗೆ ಬುದ್ಧಿವಾದಕ್ಕೆ ಬೆಲೆಯಿಲ್ಲ.

ಏಣಿಯಿಂದ ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ವಿಷ ಕಾಣುವುದಿಲ್ಲ. ಮಳೆಗೆ ಮುಂಚೆ ಮೆಣಸಿನ ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ, ಕಳೆಗೆ ಕಳೆನಾಶಕ, ಹುಳುವಿಗೆ ಕೀಟನಾಶಕ. ಬೆನ್ನಿಗೆ ಡಬ್ಬ ಕಟ್ಟಿಕೊಂಡು ಲುಂಗಿಯಲ್ಲೇ ಸಿಂಪಡಿಸಿ, ಅದೇ ಬಟ್ಟೆಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳುವುದು ಸಾಮಾನ್ಯ ದೃಶ್ಯ. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ಇರುತ್ತವೆ. ಕೆಂಪು ಎಂದರೆ ಅತಿ ವಿಷ, ಹಸಿರು ಎಂದರೆ ಕಡಿಮೆ ವಿಷ. ಇದನ್ನು ಒಬ್ಬರಾದರೂ ಆಳುಗಳಿಗೆ ಹೇಳಿದ್ದು ನಾವು ಕೇಳಿಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಮೈಗೆ ಸೇರಿದರೆ ಅದಕ್ಕೆ ಪ್ರತಿವಿಷವೇ ಇಲ್ಲ. ವಿಷವನ್ನು ಲಘುವಾಗಿ ತೆಗೆದುಕೊಂಡರೆ ಏನಾಗುತ್ತದೆಂದು ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ. ಕಾಸರಗೋಡಿನ ಎಣ್ಮಕಜೆಯಂಥ ಊರುಗಳ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಅನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದರು. ಅದು ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಆದೇಶಿಸಿದ್ದು 2017ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಬೆಳೆದು ಮಲಗಿದಲ್ಲೇ ಉಳಿದಿತ್ತು.

ನಮ್ಮೂರಿನದೇ ಇನ್ನೊಂದು ಸಂಗತಿ. 2023ರ ಫೆಬ್ರವರಿ 12ರಂದು ಕುಟ್ಟದ ಹತ್ತಿರದ ಕೆ.ಬಾಡಗದ ಚೂರಿಕಾಡಿನ ಕಾಫಿ ತೋಟದಲ್ಲಿ ಹದಿನೆಂಟರ ಹುಡುಗನೊಬ್ಬನನ್ನು ಹುಲಿ ಕೊಂದಿತು. ಮರುದಿನ ಬೆಳಿಗ್ಗೆ ಅಲ್ಲೇ ಅವನ ಸಂಬಂಧಿಕರಾದ ವೃದ್ಧರೊಬ್ಬರನ್ನೂ ಕೊಂದಿತು. ಹುಣಸೂರು ಕಡೆಯಿಂದ ಕಾಫಿ ಕೊಯ್ಲಿಗೆ ಬಂದ ಬಡವರು. ಜನ ರೊಚ್ಚಿಗೆದ್ದು ರಸ್ತೆಗಿಳಿದರು. 14ರಂದು ಅರಣ್ಯ ಇಲಾಖೆ ಹುಲಿಯನ್ನು ಸೆರೆಹಿಡಿಯಿತು. ಸರಕಾರ ಪರಿಹಾರ ಘೋಷಿಸಿತು. ಟಿ.ವಿ.ಯಲ್ಲಿ, ಬಜಾರಿನಲ್ಲಿ ಎಲ್ಲ ಚರ್ಚೆಯೂ ಕಾಡು ಮತ್ತು ಹುಲಿಯ ಸುತ್ತ ನಡೆಯಿತು. ಇದೊಂದು ಕೆಲಸದ ಜಾಗದ ಸಾವು ಎಂದು ಯಾರೂ ಹೇಳಿದ್ದು ನಮಗೆ ನೆನಪಿಲ್ಲ. ಅರಣ್ಯ ಇಲಾಖೆ ಕೊಡುವ ಹಣ ಸರಕಾರದ ಕರುಣೆ, ದುಡಿಮೆಯ ಹಕ್ಕಿನಿಂದ ಬಂದದ್ದಲ್ಲ. ಆನೆ ತೋಟದಲ್ಲಿದೆ ಎಂದು ಗೊತ್ತಿದ್ದೂ ಬೆಳಕು ಹರಿಯುವ ಮುನ್ನ ಆಳನ್ನು ಕರೆಯಬೇಕೇ? ಲೈನ್ ಮನೆಯಲ್ಲಿ ಶೌಚಾಲಯ ಇಲ್ಲದೆ ನಸುಕಿನಲ್ಲಿ ಪೊದೆಗೆ ಹೋಗುವವರ ಹೊಣೆ ಯಾರದು? ಇವು ಕಾಡಿನ ಪ್ರಶ್ನೆಗಳಲ್ಲ, ಕೆಲಸದ ಪ್ರಶ್ನೆಗಳು. ಕಾಡಂಚಿನ ತೋಟದಲ್ಲಿ ಹುಲಿ, ಆನೆ ಕೂಡ ಕಾರ್ಖಾನೆಯ ಯಂತ್ರದಂತೆ ಮೊದಲೇ ತಿಳಿದಿರುವ ಅಪಾಯಗಳು.

ಮನೆಯ ವಿಷಯದಲ್ಲೂ ಇದೇ ಕತೆ. ಮಾಲೀಕ ಕೊಟ್ಟ ಮನೆ ಕುಸಿದರೆ ಪರಿಹಾರ ಎಂದ 1981ರ ತಿದ್ದುಪಡಿ, ನೈಸರ್ಗಿಕ ವಿಕೋಪದಿಂದ ಕುಸಿದರೆ ಇಲ್ಲ ಎಂದೂ ಸೇರಿಸಿತ್ತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಬೆಟ್ಟ ಜಾರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಚಹಾ ತೋಟದ ‘ಪಾಡಿ’ಗಳಲ್ಲಿ ಮಲಗಿದ್ದ ಕಾರ್ಮಿಕರ ಕುಟುಂಬಗಳೂ ಇದ್ದವು. ಮಳೆ ನಿಸರ್ಗದ್ದು, ನಿಜ. ಸಾಲುಮನೆಯನ್ನು ಎಲ್ಲಿ ಕಟ್ಟಬೇಕೆಂದು ಆರಿಸಿದ್ದು ನಿಸರ್ಗವೇ?

ಈಗ ಕಾನೂನು ಬದಲಾಗಿದೆ. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. 1951ರ ತೋಟ ಕಾರ್ಮಿಕರ ಕಾಯ್ದೆಯೂ 1923ರ ಪರಿಹಾರ ಕಾಯ್ದೆಯೂ ಹೊಸ ಸಂಹಿತೆಗಳಲ್ಲಿ ಕರಗಿಹೋದವು. ಕೆಲವು ಒಳ್ಳೆಯ ಅಂಶಗಳಿವೆ. ಮನೆಯಿಂದ ಕೆಲಸಕ್ಕೆ ಹೋಗುವ, ಕೆಲಸದಿಂದ ಮನೆಗೆ ಬರುವ ದಾರಿಯಲ್ಲಿ ಆದ ಅಪಘಾತವನ್ನೂ, ಕೆಲಸದೊಂದಿಗೆ ಅದರ ಸಂಬಂಧ ತೋರಿಸಿದರೆ, ಕೆಲಸದ ಅಪಘಾತವೆಂದೇ ಪರಿಗಣಿಸಬೇಕು. ನಸುಕಿನಲ್ಲಿ ಆನೆಯ ದಾರಿಯಲ್ಲಿ ನಡೆದು ಬರುವ ನಮ್ಮ ಕಡೆಯವರಿಗೆ ಇದು ದೊಡ್ಡ ಮಾತು. ಕೆಲಸಕ್ಕೆ ಸೇರಿದವರಿಗೆ ನೇಮಕಾತಿ ಪತ್ರ ಕೊಡಬೇಕು. ಅದೊಂದು ಇದ್ದಿದ್ದರೆ ನಮ್ಮ ಓಣಿಯ ಅರ್ಜಿಯ ಮೊದಲ ಕಾಲಮ್ಮು ಖಾಲಿ ಇರುತ್ತಿರಲಿಲ್ಲ. ಆದರೆ ತೋಟ ಎಂದರೆ ಐದು ಹೆಕ್ಟೇರ್ ಎಂಬ ಹಳೆಯ ಅಳತೆ ಹೊಸ ಸಂಹಿತೆಯಲ್ಲೂ ಹಾಗೆಯೇ ಕುಳಿತಿದೆ. ಅದರ ಜೊತೆಗೆ ಹತ್ತು ಕೆಲಸಗಾರರ ಎಣಿಕೆ. ಎಪ್ಪತ್ತು ವರ್ಷಗಳ ನಂತರವೂ ನಾವು ಸುರಕ್ಷತೆಯನ್ನು ಎಕರೆಯಲ್ಲಿ, ತಲೆಯಲ್ಲಿ ಎಣಿಸುವುದನ್ನು ಬಿಟ್ಟಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ನಮಗೆ 1859ರ ಕಾಯ್ದೆ ಕೊಟ್ಟ ಬ್ರಿಟನ್ನೇ 1974ರಲ್ಲಿ ತನ್ನ ಜನರಿಗೆಂದು ಮಾಡಿಕೊಂಡ ಸುರಕ್ಷತಾ ಕಾಯ್ದೆ ಒಬ್ಬನೇ ಆಳಿಟ್ಟುಕೊಂಡ ಮಾಲೀಕನಿಗೂ ಅನ್ವಯಿಸುತ್ತದೆ. ಹೊಣೆ ಎಲ್ಲರಿಗೂ ಒಂದೇ, ಅದನ್ನು ನಿಭಾಯಿಸುವ ರೀತಿ ಮಾತ್ರ ಅವರವರ ಶಕ್ತಿಗೆ ತಕ್ಕಂತೆ. ಕೃಷಿ ಕೆಲಸದ ಸುರಕ್ಷತೆಗೆಂದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2001ರಲ್ಲಿ ಒಂದು ಒಡಂಬಡಿಕೆ ರೂಪಿಸಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ.

ಇನ್ನೊಂದು ಮಾತು ಭಾಷೆಯದು. ಪರಿಹಾರದ ಹಕ್ಕು ಏನೆಂದು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ತಿಳಿಸಬೇಕೆಂದು ಹಳೆಯ ಕಾಯ್ದೆಗೆ 2017ರಲ್ಲೇ ಸೇರಿಸಿದ್ದರು. ಕುಟ್ಟದಲ್ಲಿ ಈಗ ಅರ್ಥವಾಗುವ ಭಾಷೆ ಯಾವುದು? ಹಾಡಿಗಳಿಂದ ಬರುವ ಯರವರು, ಜೇನುಕುರುಬರು ತಮ್ಮ ಮಾತನ್ನಾಡುತ್ತಾರೆ. ಅಸ್ಸಾಂ, ಬಂಗಾಳ, ಝಾರ್ಖಂಡಿನಿಂದ ಬಂದವರು ಹರಕು ಹಿಂದಿ. ಅವರ ಹಿಂದಿಗೂ ನಮ್ಮ ಮನೆಯ ಉರ್ದುವಿಗೂ ಹೇಗೋ ಹೊಂದಿಕೆಯಾಗುತ್ತದೆ. ಬಜಾರಿನಲ್ಲಿ ಅವರು ನಮ್ಮನ್ನು ನಿಲ್ಲಿಸಿ ಕೇಳುವುದು ಊರಿಗೆ ಹಣ ಕಳಿಸುವುದು ಹೇಗೆ, ರೈಲು ಯಾವಾಗ ಎಂದು. ಬಿದ್ದರೆ ಏನು ಎಂದು ಯಾರೂ ಕೇಳಿಲ್ಲ. ಕೇಳಬಹುದಾದ ಪ್ರಶ್ನೆ ಅದು ಎಂದೇ ಅವರಿಗೆ ಗೊತ್ತಿಲ್ಲ.

ಹಾಗಾದರೆ ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕೇ? ಬೇಡ. ಜೇಬಿಗೆ ಹೆಚ್ಚು ಭಾರವಾಗದ ಕೆಲಸಗಳಿವೆ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದ ಯಾರಿಗಾದರೂ ವರ್ಷಕ್ಕೆ 20 ರೂಪಾಯಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಸಿಗುತ್ತದೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಇದು ಮಾಲೀಕನ ಹೊಣೆಗೆ ಬದಲಿಯಲ್ಲ, ಆದರೆ ಬರಿಗೈಗಿಂತ ಮೇಲು. ನೌಕರರ ಪರಿಹಾರದ ವಿಮೆಯನ್ನು ಸಣ್ಣ ಬೆಳೆಗಾರರು ಒಬ್ಬೊಬ್ಬರೇ ಮಾಡಿಸುವುದು ಕಷ್ಟ, ಅವರ ಸಹಕಾರ ಸಂಘಗಳು ಒಟ್ಟಾಗಿ ಮಾಡಿಸಬಹುದು. ಸಾಲಕ್ಕೆ, ಗೊಬ್ಬರಕ್ಕೆ ಇರುವ ಸಂಘ ಹಂಗಾಮಿನಲ್ಲಿ ಫೈಬರ್ ಏಣಿಯನ್ನೂ ಸೊಂಟದ ಪಟ್ಟಿಯನ್ನೂ ಬಾಡಿಗೆಗೆ ಕೊಡಬಹುದು. ಮೆಣಸನ್ನು ಬಳ್ಳಿಯ ಮೇಲೆ ಕೊಳ್ಳುವವರಲ್ಲಿ ನಮ್ಮ ಸಮುದಾಯದ ವ್ಯಾಪಾರಿಗಳೂ ಬಹಳ. ಕರಾರಿನ ಚೀಟಿಯಲ್ಲಿ ದರ, ತೂಕ, ತೇವಾಂಶ ಎಲ್ಲ ಬರೆಯುತ್ತಾರೆ. ಕೊಯ್ಯುವಾಗ ಬಿದ್ದವನ ಹೊಣೆ ಯಾರದು ಎಂದು ಇನ್ನೊಂದು ಸಾಲು ಬರೆಯಲು ಎಷ್ಟು ಶಾಯಿ ಬೇಕು? ಹಾಗೆ ಬರೆದರೆ ಮಾತ್ರ ಏಣಿಯನ್ನು ಕಟ್ಟುವುದೂ ಯಾರದಾದರೂ ಕೆಲಸವಾಗುತ್ತದೆ. ಮಸೀದಿ, ದೇವಸ್ಥಾನ, ಚರ್ಚುಗಳ ಜಗಲಿಯಲ್ಲಿ ರಾಜಿಗೆ ಕೂರುವ ಹಿರಿಯರು ಛಾಪಾ ಕಾಗದ ತರಿಸುವ ಮೊದಲು, ಕಾನೂನಿನ ಪ್ರಕಾರ ಇವನಿಗೆ ಎಷ್ಟು ಬರಬೇಕು ಎಂದು ಒಮ್ಮೆ ಲೆಕ್ಕ ಹಾಕಿಸಿದರೆ ಅದೂ ಒಂದು ಇಬಾದತ್ತೇ.

ಈ ಹಂಗಾಮಿನಲ್ಲೂ ಜೀಪುಗಳು ಹೊರಡುತ್ತವೆ, ಮೆಣಸು ಒಣಗುತ್ತದೆ, ಗೋಣಿಕೊಪ್ಪದ ಮಾರುಕಟ್ಟೆಯಲ್ಲಿ ದರ ಏರುತ್ತದೆ, ಇಳಿಯುತ್ತದೆ. ಒಂದು ಮೂಟೆ ಮೆಣಸು ತೋಟದಿಂದ ಹೊರಬಿದ್ದರೆ ಅದಕ್ಕೆ ಚೀಟಿ ಇರುತ್ತದೆ, ತೂಕ ಇರುತ್ತದೆ, ಯಾರಿಂದ ಯಾರಿಗೆ ಹೋಯಿತೆಂಬ ದಾಖಲೆ ಇರುತ್ತದೆ. ಅದನ್ನು ಕೊಯ್ದು ಇಳಿಸಿದವನ ಹೆಸರೂ ಎಲ್ಲಾದರೂ ಒಂದು ಕಡೆ ಬರೆದಿರಲಿ ಎಂದಷ್ಟೇ ನಾವು ಕೇಳುವುದು.